ಗುತ್ತಿಗೆ, ಗಡುವು, ಸಾಫ್ಟ್‌ವೇರ್: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯ ಹಿಡಿದುಕೊಂಡಿವೆ. ಕಟ್ಟಡ, ರಸ್ತೆ, ಸೇತುವೆ ಕಾಮಗಾರಿಗಳ ಗುತ್ತಿಗೆ ನಿಭಾಯಿಸಲು ಸಾಫ್ಟ್‌ವೇರ್ ಬೇಕಾ? ಬೇಕಾದರೆ ಎಂಥದ್ದು? ನಾನು ಗುತ್ತಿಗೆ ವಿಭಾಗದಲ್ಲೇ ಕೂದಲು ಹಣ್ಣಾಗಿಸಿಕೊಂಡವಳು. ಸಾಫ್ಟ್‌ವೇರ್ ಮಾರುವವಳಲ್ಲ, ಅದನ್ನು ಕಂಡರೆ ಸಿಡುಕುವವಳೂ ಅಲ್ಲ. ಪತ್ರ ಬರೆದವರಲ್ಲಿ "ಹೆಸರು ಹಾಕಬೇಡಿ" ಅಂದವರೇ ಜಾಸ್ತಿ. ಹಾಗಾಗಿ ಯಾರ ಹೆಸರೂ ಹಾಕಿಲ್ಲ.

ಪ್ರಶ್ನೆ: ಮೇಡಂ, ನಮ್ಮದು ಮಧ್ಯಮ ಗಾತ್ರದ ಕಂಪನಿ. ಒಂದೇ ಸಮಯಕ್ಕೆ ನಾಲ್ಕೈದು ಕಾಮಗಾರಿ ನಡೆಯುತ್ತವೆ. ಗುತ್ತಿಗೆ ಪತ್ರಗಳು ಕಪಾಟಿನಲ್ಲಿ, ಬಿಲ್ಲುಗಳು ಎಕ್ಸೆಲ್‌ನಲ್ಲಿ, ಉಳಿದದ್ದೆಲ್ಲ ವಾಟ್ಸ್ಆ್ಯಪ್‌ನಲ್ಲಿ. ಮಾಲೀಕರು "ಒಳ್ಳೇದು ಯಾವುದು ನೋಡಿ, ತಗೊಂಡುಬಿಡೋಣ" ಅಂತಿದ್ದಾರೆ. ಅಕೋನೆಕ್ಸ್, ಪ್ರೊಕೋರ್ ಅಂತೆಲ್ಲ ಹೆಸರು ಕೇಳಿದ್ದೇವೆ. ಯಾವುದು ತೆಗೆದುಕೊಳ್ಳಬೇಕು?

ಹೆಸರು ಆಮೇಲೆ ನೋಡೋಣ. ಮೊದಲು ಆ ಕಪಾಟಿನಿಂದ ಒಂದು ಗುತ್ತಿಗೆ ಪತ್ರ ಕೆಳಗಿಳಿಸಿ. ಒಬ್ಬರು ಬಾಗಿಲು ಹಾಕಿಕೊಂಡು ಕೂತು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಲಿ. "ಇಷ್ಟು ದಿನದೊಳಗೆ" ಅನ್ನುವ ಮಾತು ಎಲ್ಲೆಲ್ಲಿ ಬರುತ್ತದೋ ಅಲ್ಲೆಲ್ಲ ಗೆರೆ ಎಳೆಯಲಿ. ಆ ಗೆರೆಗಳ ಪಟ್ಟಿ ತಯಾರಾದರೆ ಅರ್ಧ ಕೆಲಸ ಮುಗಿಯಿತು. ಉಳಿದರ್ಧಕ್ಕೆ ಮಾತ್ರ ದುಡ್ಡು ಕೊಟ್ಟರೆ ಸಾಕು.

ಯಾಕೆ ಹೀಗೆ ಹೇಳುತ್ತೇನೆ ಅಂದರೆ, ಗುತ್ತಿಗೆಯಲ್ಲಿ ಹಣ ಕಳೆದುಹೋಗುವುದು ಹಕ್ಕು ಇಲ್ಲದ್ದಕ್ಕಲ್ಲ. ಹಕ್ಕು ಇರುತ್ತದೆ, ಗಡುವು ದಾಟಿರುತ್ತದೆ. ಫಿಡಿಕ್ ಪುಸ್ತಕಗಳನ್ನೇ ನೋಡಿ. ಫಿಡಿಕ್ ಅನ್ನುವುದು ಸಲಹಾ ಎಂಜಿನಿಯರ್‌ಗಳ ಅಂತರರಾಷ್ಟ್ರೀಯ ಒಕ್ಕೂಟ, 1913ರಲ್ಲಿ ಶುರುವಾದದ್ದು. ಅದು ತರುವ ಮಾದರಿ ಕರಾರುಗಳಲ್ಲಿ ಒಂದಕ್ಕೆ ಕೆಂಪು ಪುಸ್ತಕ ಅಂತ ಹೆಸರು. ಅದರ 1999ರ ಆವೃತ್ತಿ ಇಂದಿಗೂ ಎಷ್ಟೋ ಕಡೆ ಬಳಕೆಯಲ್ಲಿದೆ. ಅದರ 20.1ನೇ ಕಲಮಿನ ಪ್ರಕಾರ, ಹೆಚ್ಚುವರಿ ಸಮಯ ಅಥವಾ ಹಣ ಕೇಳಬೇಕಾದ ಸಂಗತಿ ನಡೆದರೆ ಗುತ್ತಿಗೆದಾರ 28 ದಿನದೊಳಗೆ ನೋಟಿಸ್ ಕೊಡಬೇಕು. ಲೆಕ್ಕ ಶುರುವಾಗುವುದು ಅವನಿಗೆ ಗೊತ್ತಾದ ದಿನದಿಂದ, ಅಥವಾ ಗೊತ್ತಾಗಬೇಕಿದ್ದ ದಿನದಿಂದ. ಕೊಡದಿದ್ದರೆ ಸಮಯವೂ ಇಲ್ಲ, ಹಣವೂ ಇಲ್ಲ. ವಿವರವಾದ ಕ್ಲೇಮನ್ನು 42 ದಿನದೊಳಗೆ ಒಪ್ಪಿಸಬೇಕು. 2017ರ ಆವೃತ್ತಿಯಲ್ಲಿ ಈ 42 ಹೋಗಿ 84 ಆಗಿದೆ, ಆದರೆ ಮೊದಲ 28 ಹಾಗೇ ಇದೆ. ಎನ್‌ಇಸಿ ಅನ್ನುವ ಇನ್ನೊಂದು ಮಾದರಿ ಕರಾರು ಬಳಸಿದರೆ, ಇಂಥ ಬಹುತೇಕ ಸಂಗತಿಗಳಿಗೆ ಗಡುವು ಎಂಟು ವಾರ.

ಈಗ ನಿಮ್ಮ ನಾಲ್ಕೈದು ಕಾಮಗಾರಿಗಳನ್ನು ನೆನೆಸಿಕೊಳ್ಳಿ. ಒಂದರಲ್ಲಿ 28 ದಿನ, ಇನ್ನೊಂದರಲ್ಲಿ ಎಂಟು ವಾರ, ಮೂರನೆಯದರಲ್ಲಿ ಕಾಮಗಾರಿ ಮಾಡಿಸುವ ಮಾಲೀಕರ ವಕೀಲರು ತಿದ್ದಿ 14 ದಿನ ಮಾಡಿಟ್ಟಿದ್ದಾರೆ. ಇದನ್ನೆಲ್ಲ ಒಬ್ಬ ಮ್ಯಾನೇಜರ್ ತಲೆಯಲ್ಲಿ ಇಟ್ಟುಕೊಂಡಿರುತ್ತಾನೆ. ಅವನು ಕೆಲಸ ಬಿಟ್ಟ ದಿನ ಅಷ್ಟೂ ಅವನ ಜೊತೆಗೇ ಹೋಗುತ್ತದೆ. ಸಾಫ್ಟ್‌ವೇರ್ ಬೇಕಾಗುವುದು ಇದಕ್ಕೆ.

ಮಾರಾಟದವರು ಬಂದು ಬಣ್ಣಬಣ್ಣದ ಡ್ಯಾಶ್‌ಬೋರ್ಡ್ ತೋರಿಸಿದಾಗ ತಲೆಯಾಡಿಸಿ ಕೂರಬೇಡಿ. "ನಮ್ಮ ಗುತ್ತಿಗೆಯಲ್ಲಿ ಡ್ರಾಯಿಂಗ್ ಇವತ್ತು ತಡವಾಗಿ ಬಂತು ಅಂತ ಹಾಕ್ತೀನಿ, ಮುಂದೆ ಇದು ಏನೇನು ಮಾಡುತ್ತೆ ತೋರಿಸಿ" ಅನ್ನಿ. ಆ ಒಂದು ನಮೂದಿನಿಂದ ನೋಟಿಸ್ ಗಡುವು, ಕ್ಲೇಮ್ ಗಡುವು, ಎದುರು ಪಕ್ಷ ಉತ್ತರ ಕೊಡಬೇಕಾದ ಗಡುವು ಮೂರೂ ತಾನಾಗಿ ಏಳಬೇಕು. ನೆನಪಿನ ಸಂದೇಶ ಒಬ್ಬರಿಗಲ್ಲ, ಕನಿಷ್ಠ ಇಬ್ಬರಿಗೆ ಹೋಗಬೇಕು. ಒಬ್ಬರು ರಜೆಯಲ್ಲಿರುತ್ತಾರೆ, ಅದು ಸೃಷ್ಟಿಯ ನಿಯಮ.

ಇನ್ನೊಂದು ಪರೀಕ್ಷೆ ಕೊಡಿ. ಕಾಮಗಾರಿ ಮುಗಿಯುವ ದಿನವನ್ನು ಮೂರು ತಿಂಗಳು ಮುಂದಕ್ಕೆ ಹಾಕಲು ಹೇಳಿ. ಬ್ಯಾಂಕ್ ಗ್ಯಾರಂಟಿ (ಗುತ್ತಿಗೆದಾರ ಕೆಲಸ ಪೂರೈಸುತ್ತಾನೆ ಅಂತ ಬ್ಯಾಂಕ್ ಮಾಲೀಕರಿಗೆ ಕೊಡುವ ಭರವಸೆ), ವಿಮೆ ಇವುಗಳ ಅವಧಿ ಸಾಲದು ಅಂತ ಅದು ಎಚ್ಚರಿಸಬೇಕು. ಸಮಯ ವಿಸ್ತರಣೆ ಸಿಕ್ಕಿತು ಅಂತ ಸಂಭ್ರಮಿಸಿ ಗ್ಯಾರಂಟಿ ನವೀಕರಿಸುವುದನ್ನು ಮರೆತವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಗ್ಯಾರಂಟಿ ಮುಗಿಯಲು 28 ದಿನ ಇರುವಾಗಲೂ ದೋಷಗಳೂ ಸರಿಯಾಗಿ ಕೆಲಸ ಪೂರ್ತಿಯಾಯಿತು ಅನ್ನುವ ಪ್ರಮಾಣಪತ್ರಕ್ಕೆ ಗುತ್ತಿಗೆದಾರ ಅರ್ಹನಾಗಿಲ್ಲದಿದ್ದರೆ ಅವಧಿ ವಿಸ್ತರಿಸಲೇಬೇಕು ಅನ್ನುತ್ತದೆ 1999ರ ಕೆಂಪು ಪುಸ್ತಕ. ವಿಸ್ತರಿಸದಿದ್ದರೆ ಮಾಲೀಕರು ಗ್ಯಾರಂಟಿಯ ಪೂರ್ತಿ ಮೊತ್ತವನ್ನೇ ವಸೂಲು ಮಾಡಬಹುದು.

ಈ ಎರಡು ಪರೀಕ್ಷೆ ಪಾಸಾದರೆ ಹೆಸರು ಯಾವುದಾದರೇನು? ಅಂದಹಾಗೆ, ನಿಮ್ಮದು ಒಂದೇ ಕಾಮಗಾರಿ ಆಗಿದ್ದರೆ "ಸುಮ್ನೆ ಎಕ್ಸೆಲ್ ಇಟ್ಟುಕೊಳ್ಳಿ" ಅನ್ನುತ್ತಿದ್ದೆ. ನಾಲ್ಕೈದಾದಾಗ ಎಕ್ಸೆಲ್‌ನ ತೊಂದರೆ ಬೇರೆ. ಒಂದೇ ಹಾಳೆಯ ಆರು ಪ್ರತಿಗಳು ಆರು ಜನರ ಹತ್ತಿರ ಇರುತ್ತವೆ. ಯಾವ ಸಾಲನ್ನು ಯಾರು ಯಾವಾಗ ತಿದ್ದಿದರು ಅನ್ನುವುದು ದೇವರಿಗೇ ಗೊತ್ತು.

ಪ್ರಶ್ನೆ: ನಾನು ಸೇತುವೆ ಕಾಮಗಾರಿಯಲ್ಲಿ ಸೈಟ್ ಎಂಜಿನಿಯರ್. ಕನ್ಸಲ್ಟೆಂಟ್ ಕಡೆಯವರು ಬಂದು "ಇಲ್ಲಿ ಕಂಬಿ ಜಾಸ್ತಿ ಹಾಕಿ, ಆ ಗೋಡೆ ಎತ್ತರ ಮಾಡಿ" ಅಂತ ಬಾಯಲ್ಲಿ ಹೇಳಿ ಹೋಗುತ್ತಾರೆ. ಬಿಲ್ ಹಾಕುವಾಗ "ನಾನೆಲ್ಲಿ ಹೇಳಿದೆ?" ಅಂತಾರೆ. ವಾಟ್ಸ್ಆ್ಯಪ್ ಗುಂಪಿನಲ್ಲಿ ಫೋಟೊ ಹಾಕಿದ್ದೆ. ಅದು ಸಾಕಾಗುವುದಿಲ್ಲವಾ?

ಏನೂ ಇಲ್ಲದ್ದಕ್ಕಿಂತ ವಾಸಿ, ಅಷ್ಟೇ. ಆ ಗುಂಪಿನಲ್ಲಿ ನಿಮ್ಮ ಫೋಟೊದ ಮೇಲೆ ಒಂದಿಪ್ಪತ್ತು ಗುಡ್ ಮಾರ್ನಿಂಗ್, ಕೆಳಗೆ ಯಾರದೋ ಹುಟ್ಟುಹಬ್ಬ. ಎರಡು ವರ್ಷ ಬಿಟ್ಟು ಹುಡುಕುವಷ್ಟರಲ್ಲಿ ಫೋನೇ ಬದಲಾಗಿರುತ್ತದೆ.

ನಿಮ್ಮ ಗುತ್ತಿಗೆ ಫಿಡಿಕ್‌ನ 1999ರ ಕೆಂಪು ಪುಸ್ತಕದ ಮೇಲಿದ್ದರೆ ಒಂದು ಒಳ್ಳೆಯ ದಾರಿ ಇದೆ. ಬಹಳ ಜನರಿಗೆ ಅದು ಇದೆ ಅಂತಲೇ ತಿಳಿದಿರುವುದಿಲ್ಲ. 3.3ನೇ ಕಲಮು ಓದಿ. ಎಂಜಿನಿಯರ್ (ನೀವಲ್ಲ, ಮಾಲೀಕರ ಪರವಾಗಿ ಕೆಲಸ ನೋಡಿಕೊಳ್ಳುವ ಕನ್ಸಲ್ಟೆಂಟ್) ಬಾಯಿಮಾತಿನಲ್ಲಿ ಸೂಚನೆ ಕೊಟ್ಟರೆ, ಗುತ್ತಿಗೆದಾರ ಎರಡು ಕೆಲಸದ ದಿನದೊಳಗೆ ಅದನ್ನು ಬರೆದು ಖಚಿತಪಡಿಸಬೇಕು. ಅದು ಕೈಸೇರಿದ ಎರಡು ಕೆಲಸದ ದಿನದೊಳಗೆ ಅವರು ಬರಹದಲ್ಲಿ ಅಲ್ಲಗಳೆಯದಿದ್ದರೆ, ನಿಮ್ಮ ಆ ಬರಹವೇ ಅವರ ಲಿಖಿತ ಸೂಚನೆ ಆಗುತ್ತದೆ. ನೋಡಿ, ಅವರು ಸುಮ್ಮನಿದ್ದರೂ ಕೆಲಸ ನಿಮ್ಮ ಕಡೆಗೇ ಆಗುತ್ತದೆ.

ಆದರೆ 2017ರ ಆವೃತ್ತಿಯಲ್ಲಿ ಈ ಸೌಲಭ್ಯ ಇಲ್ಲ. ಅಲ್ಲಿ ಸೂಚನೆ ಬರಹದಲ್ಲೇ ಬರಬೇಕು. ಬಂದ ಸೂಚನೆಯಲ್ಲಿ ಅದು ಬದಲಾವಣೆಯ ಕೆಲಸ ಅಂತ ಬರೆದಿಲ್ಲ, ಆದರೆ ನಿಮಗೆ ಹಾಗನ್ನಿಸುತ್ತದೆ ಅಂದುಕೊಳ್ಳಿ. ಆಗ ಕೆಲಸಕ್ಕೆ ಕೈ ಹಾಕುವ ಮೊದಲೇ ನೋಟಿಸ್ ಕೊಡಬೇಕು. ಏಳು ದಿನದೊಳಗೆ ಅವರು ಉತ್ತರಿಸದಿದ್ದರೆ ಆ ಸೂಚನೆ ಹಿಂತೆಗೆದುಕೊಂಡಂತೆ. ಅಂದರೆ ಒಂದು ಆವೃತ್ತಿಯಲ್ಲಿ ಅವರ ಮೌನ ಒಪ್ಪಿಗೆ, ಇನ್ನೊಂದರಲ್ಲಿ ಅದೇ ಮೌನ ರದ್ದು. ಮುಖಪುಟದ ಮೇಲಿನ ವರ್ಷ ನೋಡದೆ ಯಾವ ಸಾಫ್ಟ್‌ವೇರ್‌ನಲ್ಲೂ ನಿಯಮ ಕೂರಿಸಬಾರದು ಅನ್ನುವುದು ಇದಕ್ಕೇ.

ಸಾಫ್ಟ್‌ವೇರ್ ಇಲ್ಲಿ ಮಾಡಬೇಕಾದ್ದು ತೀರಾ ಸಣ್ಣ ಕೆಲಸ. ಫೋನಿನಲ್ಲಿ ಒಂದು ಫಾರ್ಮ್ ಇರಲಿ. ಯಾರು ಹೇಳಿದರು, ಎಲ್ಲಿ, ಏನು, ಯಾವಾಗ, ಒಂದು ಫೋಟೊ. ಒತ್ತಿದ ತಕ್ಷಣ ಅದು ಖಚಿತಪಡಿಸುವ ಪತ್ರವಾಗಿ ನಿಮ್ಮ ಮ್ಯಾನೇಜರ್‌ಗೆ ಹೋಗಲಿ. ಅವರು ನೋಡಿ ಕಳಿಸಲಿ. "ಯಾರು ಹೇಳಿದರು" ಅನ್ನುವ ಜಾಗದಲ್ಲಿ ಸೂಚನೆ ಕೊಡಲು ಅಧಿಕಾರ ಇರುವವರ ಹೆಸರುಗಳ ಪಟ್ಟಿಯೇ ಬರಬೇಕು. ಪಟ್ಟಿಯಲ್ಲಿ ಇಲ್ಲದವರು ಹೇಳಿದ್ದರೆ ಅದು ಅಲ್ಲೇ ಗೊತ್ತಾಗಬೇಕು. ಮಾಲೀಕರ ಭಾವಮೈದ ಸೈಟಿಗೆ ಬಂದು ಕೈ ತೋರಿಸಿ ಹೋದರೆ ಅದು ಸೂಚನೆ ಆಗುವುದಿಲ್ಲ ಅಲ್ವಾ?

"ಪತ್ರ ಬರೆದರೆ ಸಂಬಂಧ ಕೆಡುತ್ತದೆ ಮೇಡಂ" ಅಂತ ನೀವು ಕೊನೆಯಲ್ಲಿ ಬರೆದಿದ್ದೀರಿ. ಅದೇ ದಿನ ಎರಡು ಸಾಲು ಬರೆದರೆ ಯಾರಿಗೂ ಬೇಜಾರಾಗುವುದಿಲ್ಲ. ಎಂಟು ತಿಂಗಳು ಬಿಟ್ಟು ನಲವತ್ತು ಪುಟ ಬರೆದರೆ ಕೆಡುತ್ತದೆ.

ಪ್ರಶ್ನೆ: ನಮ್ಮಲ್ಲಿ ಸಾಫ್ಟ್‌ವೇರ್ ಬಂದು ಒಂದು ವರ್ಷವಾಯಿತು. ಸೈಟಿನವರು ದಿನಚರಿಯನ್ನು ಶನಿವಾರ ಸಂಜೆ ಕೂತು ಇಡೀ ವಾರದ್ದು ಒಟ್ಟಿಗೆ ತುಂಬುತ್ತಾರೆ. ತುಂಬುತ್ತಾರಲ್ಲ ಅಂತ ಸಮಾಧಾನ ಪಡಲೋ, ಗದರಿಸಲೋ?

ಗದರಿಸುವ ಮೊದಲು ಆ ಫಾರ್ಮ್ ಎಷ್ಟು ಉದ್ದ ಇದೆ ನೋಡಿ. ನಾನು ನೋಡಿದ ಒಂದು ಕಂಪನಿಯಲ್ಲಿ ದಿನಚರಿಗೆ ಎಪ್ಪತ್ತಕ್ಕೂ ಹೆಚ್ಚು ಖಾನೆಗಳಿದ್ದವು. ಮುಖ್ಯ ಕಚೇರಿಯ ಪ್ರತಿ ವಿಭಾಗವೂ ತನಗೆ ಬೇಕಾದ್ದನ್ನು ಸೇರಿಸಿತ್ತು. ಬಿಸಿಲಲ್ಲಿ ನಿಂತ ಹುಡುಗ ಎಪ್ಪತ್ತು ಖಾನೆ ತುಂಬುತ್ತಾನೆಯೇ? ಶನಿವಾರ ಸಂಜೆ ಕೂತು ಹಿಂದಿನ ದಿನದ್ದನ್ನೇ ನಕಲು ಮಾಡುತ್ತಾನೆ. ಸೋಮವಾರದಿಂದ ಶುಕ್ರವಾರದವರೆಗೆ "ಹವಾಮಾನ: ಒಳ್ಳೆಯದು." ಬುಧವಾರ ಮಳೆ ಹುಯ್ದು ಪಾಯದ ಗುಂಡಿ ತುಂಬಿದ್ದು ಎಲ್ಲೂ ಇಲ್ಲ.

ಇದು ಯಾಕೆ ದೊಡ್ಡ ವಿಷಯ ಅಂದರೆ, ಕಾಗದದ ಡೈರಿಯಲ್ಲಿ ಬರೆದದ್ದು ಯಾವಾಗ ಅಂತ ಹೇಳುವುದು ಕಷ್ಟ. ಸಾಫ್ಟ್‌ವೇರ್‌ನಲ್ಲಿ ಹಾಗಲ್ಲ. ಘಟನೆಯ ದಿನ ಒಂದು, ನಮೂದಿಸಿದ ಗಳಿಗೆ ಇನ್ನೊಂದು, ಎರಡೂ ದಾಖಲಾಗುತ್ತವೆ. ವ್ಯಾಜ್ಯ ಮಧ್ಯಸ್ಥಿಕೆಗೆ ಹೋದರೆ ಎದುರು ಪಕ್ಷದವರು ಕೇಳುವುದು ಆ ಎರಡನೆಯದನ್ನೇ. ಆರೂ ದಿನದ ವರದಿ ಶನಿವಾರ ಆರರಿಂದ ಆರೂವರೆ ಒಳಗೆ ಹುಟ್ಟಿದ್ದು ಕಂಡರೆ ಉಳಿದ ವರದಿಗಳ ಮೇಲೂ ನಂಬಿಕೆ ಹೋಗುತ್ತದೆ. ಕೆಟ್ಟ ಅಭ್ಯಾಸವನ್ನು ಕಾಗದ ಮುಚ್ಚಿಡುತ್ತಿತ್ತು, ಸಾಫ್ಟ್‌ವೇರ್ ಎತ್ತಿ ತೋರಿಸುತ್ತದೆ.

ದಿನಚರಿ ಎಂಥದ್ದಿರಬೇಕು ಅನ್ನುವುದಕ್ಕೆ ಒಂದು ಸಂಗತಿ. ಜಾಗ ಹಸ್ತಾಂತರ ತಡವಾಯಿತು, ಯಂತ್ರಗಳು ಸುಮ್ಮನೆ ನಿಂತವು ಅಂತ ಒಬ್ಬ ಗುತ್ತಿಗೆದಾರರು ಕ್ಲೇಮ್ ಹಾಕಿದ್ದರು. ನನ್ನ ಹತ್ತಿರ ಅದು ಪರಿಶೀಲನೆಗೆ ಬಂತು. ತಡವಾದದ್ದು ನಿಜ. ನೋಟಿಸ್ ಸಮಯಕ್ಕೆ ಸರಿಯಾಗಿ ಹೋಗಿತ್ತು, ಹಕ್ಕಿನ ಬಗ್ಗೆ ಯಾರೂ ತಕರಾರು ಎತ್ತಲಿಲ್ಲ. ಆದರೆ ದಿನಚರಿಯಲ್ಲಿ ದಿನವೂ ಇದ್ದದ್ದು "ಕೆಲಸ ನಿಂತಿದೆ" ಅನ್ನುವ ಎರಡೇ ಪದ. ಯಾವ ಕ್ರೇನ್, ಎಷ್ಟು ಗಂಟೆ, ಯಾವ ಜಾಗದಲ್ಲಿ, ಆ ದಿನ ಆ ಗುಂಪಿನ ಜನ ಬೇರೆ ಕಡೆ ಕೆಲಸ ಮಾಡಿದರಾ? ಒಂದೂ ಇಲ್ಲ. ಹಕ್ಕು ಪೂರ್ತಿ ಇತ್ತು, ಸಿಕ್ಕಿದ ಹಣ ಮಾತ್ರ ಅಲ್ಪ. ಕಾಮಗಾರಿ ವಿಳಂಬದ ಬಗ್ಗೆ ಬ್ರಿಟನ್ನಿನ ನಿರ್ಮಾಣ ಕಾನೂನು ಸೊಸೈಟಿ 2002ರಲ್ಲಿ ಒಂದು ಮಾರ್ಗಸೂಚಿ ತಂದಿತು. 2017ರ ಅದರ ಎರಡನೇ ಆವೃತ್ತಿ ತನ್ನ ಮೂಲ ತತ್ವಗಳಲ್ಲಿ ಮೊದಲನೆಯದಾಗಿ ಇಟ್ಟಿರುವುದೇ ಕಾರ್ಯಯೋಜನೆ ಮತ್ತು ದಾಖಲೆಗಳನ್ನು.

ಹಾಗಾಗಿ ಖಾನೆಗಳನ್ನು ಹತ್ತಕ್ಕೆ ಇಳಿಸಿ. ಜನ, ಯಂತ್ರ, ಜಾಗ, ಆದ ಕೆಲಸ, ನಿಂತ ಕೆಲಸ, ನಿಲ್ಲಲು ಕಾರಣ, ಮಳೆ, ಬಂದ ಸಾಮಾನು, ಬಂದುಹೋದವರು, ಫೋಟೊ. ಹವಾಮಾನ ತಾನಾಗಿ ತುಂಬಿಕೊಳ್ಳುವ ವ್ಯವಸ್ಥೆ ಇದ್ದರೆ ಇನ್ನೂ ಒಳ್ಳೆಯದು. ನೆಟ್‌ವರ್ಕ್ ಇಲ್ಲದ ಕಡೆಯೂ ಬರೆದಿಟ್ಟು ಆಮೇಲೆ ಕಳಿಸುವಂತಿರಬೇಕು. ರಾತ್ರಿ ಕಳೆದ ಮೇಲೆ ಹಿಂದಿನ ದಿನದ್ದನ್ನು ತಿದ್ದಲು ಬಿಡಬೇಡಿ, ಸೇರಿಸಲು ಮಾತ್ರ ಬಿಡಿ. ಇಷ್ಟಾದ ಮೇಲೂ ಶನಿವಾರವೇ ತುಂಬಿದರೆ ಧಾರಾಳವಾಗಿ ಗದರಿಸಿ.

ಪ್ರಶ್ನೆ: ಎಲ್ಲ ಪತ್ರವ್ಯವಹಾರವೂ ಈಗ ಸಾಫ್ಟ್‌ವೇರ್ ಒಳಗೇ ನಡೆಯುತ್ತಿದೆ. ಅದರಲ್ಲಿ ಹಾಕಿದರೆ ನೋಟಿಸ್ ಕೊಟ್ಟಂತೆ ಆಯಿತಾ, ಬೇರೆ ಪತ್ರ ಬೇಕಾ?

ಗುತ್ತಿಗೆ ಏನು ಹೇಳುತ್ತದೋ ಹಾಗೆ. 1999ರ ಫಿಡಿಕ್‌ನಲ್ಲಿ ಸಂಪರ್ಕದ ಬಗ್ಗೆ ಇರುವುದು 1.3ನೇ ಕಲಮು. ಒಪ್ಪಿಕೊಂಡ ವಿದ್ಯುನ್ಮಾನ ವ್ಯವಸ್ಥೆ ಯಾವುದು ಅಂತ ಕರಾರಿನಲ್ಲೇ ಬರೆದಿರಬೇಕು. ಬರೆದಿಲ್ಲದಿದ್ದರೆ ಸಾಫ್ಟ್‌ವೇರ್‌ನಲ್ಲಿ ಹಾಕಿದ್ದು ನಿಮ್ಮಿಬ್ಬರ ಅನುಕೂಲಕ್ಕೆ ಮಾತ್ರ. ಎನ್‌ಇಸಿಯ ನಾಲ್ಕನೇ ಆವೃತ್ತಿ ಇದಕ್ಕಿಂತ ಸ್ಪಷ್ಟ: ವ್ಯವಸ್ಥೆಯನ್ನು ಕರಾರಿನಲ್ಲಿ ಹೆಸರಿಸಿದ್ದರೆ, ಅದರ ಮೂಲಕ ಕಳಿಸಿದ್ದಕ್ಕೆ ಮಾತ್ರ ಬೆಲೆ.

ಇನ್ನೆರಡು ಕಡೆ ಜನ ಎಡವುತ್ತಾರೆ. 2017ರ ಫಿಡಿಕ್‌ನಲ್ಲಿ ನೋಟಿಸ್ ಅಂದಮೇಲೆ ಅದರ ಮೇಲೆ "ನೋಟಿಸ್" ಅಂತಲೇ ಇರಬೇಕು. ಸಭೆಯ ನಡಾವಳಿಯ ನಡುವೆ, ತಿಂಗಳ ವರದಿಯ ಹದಿನೇಳನೇ ಪುಟದಲ್ಲಿ ಒಂದು ಸಾಲು ತೂರಿಸಿದರೆ ಆಗುವುದಿಲ್ಲ. ಎನ್‌ಇಸಿಯಲ್ಲಿ ಇಂಥ ತಿಳಿವಳಿಕೆ ಪತ್ರವನ್ನು ಬೇರೆ ವಿಷಯಗಳ ಜೊತೆ ಬೆರೆಸದೆ ಪ್ರತ್ಯೇಕವಾಗಿ ಕಳಿಸಬೇಕು. ಸಾಫ್ಟ್‌ವೇರ್‌ನಲ್ಲಿ ಇವಕ್ಕೆ ಬೇರೆಯೇ ನಮೂನೆ ಇಟ್ಟುಬಿಡಿ, ಯೋಚಿಸುವ ಕೆಲಸವೇ ಉಳಿಯುವುದಿಲ್ಲ.

ಪ್ರಶ್ನೆ: ನಾನು ಮಾಲೀಕರ ಕಡೆಯ ಎಂಜಿನಿಯರ್. ಇದೆಲ್ಲ ಗುತ್ತಿಗೆದಾರರಿಗೆ ಕ್ಲೇಮ್ ಹಾಕಲು ಕತ್ತಿ ಮಸೆದುಕೊಟ್ಟಂತೆ ಅಲ್ಲವೇ? ನಮಗೇನು ಲಾಭ?

ನಿಮಗೂ ಗಡುವುಗಳಿವೆ ಸ್ವಾಮಿ. 1999ರ ಕೆಂಪು ಪುಸ್ತಕದಲ್ಲಿ ಬಿಲ್ ಬಂದ 28 ದಿನದೊಳಗೆ ಎಂಜಿನಿಯರ್ ಪಾವತಿ ಪ್ರಮಾಣಪತ್ರ ಕೊಡಬೇಕು. 56 ದಿನದೊಳಗೆ ಮಾಲೀಕರು ಹಣ ಕೊಡಬೇಕು. ತಡವಾದರೆ ಹಣ ಯಾವ ದೇಶದ ಕರೆನ್ಸಿಯಲ್ಲಿದೆಯೋ ಆ ದೇಶದ ಕೇಂದ್ರ ಬ್ಯಾಂಕಿನ ರಿಯಾಯಿತಿ ದರಕ್ಕಿಂತ ಶೇ 3 ಅಂಶ ಮೇಲಿನ ದರದಲ್ಲಿ, ತಿಂಗಳಿಗೊಮ್ಮೆ ಚಕ್ರಬಡ್ಡಿ. ಅದನ್ನು ಗುತ್ತಿಗೆದಾರ ನೋಟಿಸ್ ಕೊಟ್ಟು ಕೇಳಬೇಕಾಗಿಯೂ ಇಲ್ಲ. ಕಡತ ಯಾರ ಮೇಜಿನ ಮೇಲೆ ಎಷ್ಟು ದಿನ ಕೂತಿತ್ತು ಅಂತ ಸಾಫ್ಟ್‌ವೇರ್ ತೋರಿಸಿದರೆ ಲಾಭ ನಿಮಗೇ. ನಿಮ್ಮ ಪ್ರಶ್ನೆಯ ಹಿಂದಿನ ಅಳುಕು ಬಹುಶಃ ಅದೇ ಇರಬೇಕು!

ಇನ್ನೊಂದು ಮಾತು. ಕ್ಲೇಮ್ ಬೇಗ ಬಂದರೆ ನಿಮ್ಮ ಕೈಯಲ್ಲಿ ಆಯ್ಕೆ ಇರುತ್ತದೆ. ಡ್ರಾಯಿಂಗ್ ಬೇಗ ಕೊಡಬಹುದು, ಕೆಲಸದ ಕ್ರಮ ಬದಲಿಸಬಹುದು. ಕಾಮಗಾರಿ ಮುಗಿದ ಮೇಲೆ ಬಂದರೆ ವಕೀಲರನ್ನು ಹುಡುಕುವುದೊಂದೇ ಉಳಿಯುತ್ತದೆ.

ಪ್ರಶ್ನೆ: ಗುತ್ತಿಗೆ ಪತ್ರವನ್ನು ಎಐಗೆ ಕೊಟ್ಟರೆ ಎರಡು ನಿಮಿಷದಲ್ಲಿ ಗಡುವುಗಳ ಪಟ್ಟಿ ಕೊಡುತ್ತದೆ. ಬಾಗಿಲು ಹಾಕಿಕೊಂಡು ಓದುವ ಕಾಲ ಮುಗಿಯಿತಲ್ಲವೇ?

ಮೊದಲ ಪಟ್ಟಿಗೆ ಧಾರಾಳವಾಗಿ ಬಳಸಿ, ನಾನೂ ಬಳಸುತ್ತೇನೆ. ಆದರೆ ಅದರ ಕೈಗೆ ಏನು ಕೊಟ್ಟಿರಿ ಅನ್ನುವುದು ಮುಖ್ಯ. ಗುತ್ತಿಗೆ ಅನ್ನುವುದು ಒಂದೇ ಕಾಗದ ಅಲ್ಲ. 1999ರ ಕೆಂಪು ಪುಸ್ತಕದ 1.5ನೇ ಕಲಮಿನಲ್ಲಿ ಯಾವ ಕಾಗದದ ಮಾತು ಮೇಲು ಅನ್ನುವ ಕ್ರಮವಿದೆ: ಒಪ್ಪಂದ, ಸ್ವೀಕಾರ ಪತ್ರ, ಟೆಂಡರ್ ಪತ್ರ, ವಿಶೇಷ ಷರತ್ತು, ಅದರ ಕೆಳಗೆ ಸಾಮಾನ್ಯ ಷರತ್ತು, ಆಮೇಲೆ ಸ್ಪೆಸಿಫಿಕೇಷನ್, ಡ್ರಾಯಿಂಗ್. ಅಚ್ಚಾದ ಸಾಮಾನ್ಯ ಷರತ್ತಿನಲ್ಲಿ 28 ದಿನ ಇರುತ್ತದೆ. ವಿಶೇಷ ಷರತ್ತಿನ ಮೂಲೆಯಲ್ಲಿ ಅದನ್ನು ತಿದ್ದಿ 14 ಮಾಡಿರುತ್ತಾರೆ. ಮಂದವಾಗಿ ಸ್ಕ್ಯಾನ್ ಆದ ಆ ಒಂದು ಪುಟ ಎಐ ಕಣ್ಣಿಗೆ ಬೀಳದಿದ್ದರೆ "28" ಅಂತ ಬಹಳ ವಿಶ್ವಾಸದಿಂದ ಹೇಳುತ್ತದೆ. ಪಟ್ಟಿಯ ಪ್ರತಿ ಸಾಲಿನ ಎದುರು ಕಲಮು ಸಂಖ್ಯೆ, ಪುಟ ಸಂಖ್ಯೆ ಕೇಳಿ. ಆ ಪುಟ ತೆರೆದು ನಿಮ್ಮ ಕಣ್ಣಿಂದ ನೋಡಿ. ಬಾಗಿಲು ಹಾಕಿಕೊಳ್ಳುವುದು ಬಿಡುವುದು ನಿಮಗೆ ಬಿಟ್ಟದ್ದು.

ಪ್ರಶ್ನೆ: ನಾನು ಉಪಗುತ್ತಿಗೆದಾರ. ಮುಖ್ಯ ಗುತ್ತಿಗೆದಾರರ ಸಾಫ್ಟ್‌ವೇರ್‌ಗೆ ನಮಗೆ ಒಂದು ಲಾಗಿನ್ ಕೊಟ್ಟಿದ್ದಾರೆ. ಡ್ರಾಯಿಂಗ್, ಪತ್ರ, ಅಳತೆ ಎಲ್ಲ ಅದರಲ್ಲೇ. ಕಾಮಗಾರಿ ಮುಗಿಯುತ್ತಾ ಬಂದಿದೆ. ಏನಾದರೂ ಎಚ್ಚರ ವಹಿಸಬೇಕಾ?

ಬಂದ ಪತ್ರಗಳಲ್ಲಿ ತುರ್ತಿನದು ನಿಮ್ಮದೇ. ಆ ಲಾಗಿನ್ ನಿಮ್ಮದಲ್ಲ, ಅವರದು. ಯಾವತ್ತು ಬೇಕಾದರೂ ಮುಚ್ಚಬಹುದು. ಬೇಕಂತಲೇ ಮುಚ್ಚಬೇಕಿಲ್ಲ, ಪರವಾನಗಿ ಶುಲ್ಕ ಉಳಿಸಲು ಕಾಮಗಾರಿ ಮುಗಿದ ಕೂಡಲೇ ಮುಚ್ಚುವವರೇ ಜಾಸ್ತಿ.

ನಿಮ್ಮ ಹಣ ಮಾತ್ರ ಅಷ್ಟು ಬೇಗ ಮುಗಿಯುವುದಿಲ್ಲ. 1999ರ ಫಿಡಿಕ್ ಪ್ರಕಾರ ಹಿಡಿದಿಟ್ಟ ರಿಟೆನ್ಷನ್ ಹಣದಲ್ಲಿ ಅರ್ಧ, ಮುಗಿದ ಕಾಮಗಾರಿಯನ್ನು ಮಾಲೀಕರು ವಹಿಸಿಕೊಂಡಾಗ, ಇನ್ನರ್ಧ ದೋಷ ಸರಿಪಡಿಸುವ ಅವಧಿ ಮುಗಿದ ಮೇಲೆ ಬರುತ್ತದೆ. ಉಪಗುತ್ತಿಗೆಗಳೂ ಸಾಮಾನ್ಯವಾಗಿ ಇದೇ ದಾರಿ ಹಿಡಿಯುತ್ತವೆ. ಆ ಅವಧಿಯಲ್ಲಿ "ಈ ಬಿರುಕು ನಿಮ್ಮಿಂದ" ಅಂತ ಯಾರಾದರೂ ಬೊಟ್ಟು ಮಾಡಿದರೆ, ನೀವು ಕೆಲಸ ಮಾಡಿದ ಡ್ರಾಯಿಂಗ್ ಯಾವ ರಿವಿಷನ್ನಿನದು, ತಪಾಸಣೆಗೆ ಸಹಿ ಹಾಕಿದ್ದು ಯಾರು ಅಂತ ತೋರಿಸಲು ನಿಮ್ಮ ಕೈಯಲ್ಲಿ ಕಾಗದ ಬೇಕು.

ಈ ವಾರವೇ ಕೂತು ಇಳಿಸಿಕೊಳ್ಳಿ. ಪತ್ರಗಳು ಲಗತ್ತುಗಳ ಸಮೇತ, ಕಳಿಸಿದ ಮತ್ತು ತೆರೆದ ದಿನಾಂಕಗಳು ಕಾಣುವಂತೆ. ಡ್ರಾಯಿಂಗ್‌ಗಳು ಕೊನೆಯ ರಿವಿಷನ್ ಮಾತ್ರವಲ್ಲ, ಹಳೆಯವೂ. ಸಹಿಯಾದ ಅಳತೆ ಹಾಳೆಗಳು, ತಪಾಸಣೆ ವರದಿಗಳು, ಬದಲಾವಣೆ ಸೂಚನೆಗಳು. ಒಂದೊಂದಾಗಿ ಇಳಿಸುವುದು ಕಷ್ಟವಾದರೆ ಅವರ ದಾಖಲೆ ವಿಭಾಗಕ್ಕೆ ಬರೆದು ಒಟ್ಟಾಗಿ ಕೊಡಲು ಕೇಳಿ. ಹೆಚ್ಚಿನ ವ್ಯವಸ್ಥೆಗಳಲ್ಲಿ ಅದಕ್ಕೆ ಸೌಲಭ್ಯ ಇರುತ್ತದೆ. ಮುಂದಿನ ಗುತ್ತಿಗೆಗೆ ಸಹಿ ಹಾಕುವಾಗ, ದೋಷ ಅವಧಿ ಮುಗಿದು ಅಂತಿಮ ಹಣ ಕೈಸೇರುವವರೆಗೆ ಲಾಗಿನ್ ತೆರೆದಿರಬೇಕು ಅನ್ನುವ ಒಂದು ಸಾಲು ಸೇರಿಸಿ. ಹಾಗೆಯೇ ನಿಮ್ಮ ನೋಟಿಸ್ ಗಡುವು ಎಷ್ಟು ದಿನ ಅಂತ ನೋಡಿಕೊಳ್ಳಿ. ಅವರು ಮೇಲಿನವರಿಗೆ 28 ದಿನದೊಳಗೆ ಕೊಡಬೇಕಾದರೆ, ನಿಮ್ಮಿಂದ ಅದಕ್ಕೂ ಮೊದಲೇ ಕೇಳಿರುತ್ತಾರೆ.